ಕಾಕಾನ ರಿವಾಲ್ವರ್ ನನ್ನ ಬ್ಯಾಗಿನ್ಯಾಗ

2023ರ ಏಪ್ರಿಲ್ ಅದು, ಅಸೆಂಬ್ಲಿ ಎಲೆಕ್ಷನ್ ಡಿಕ್ಲೇರ್ ಆಗಿತ್ತು, ಲೈಸನ್ಸ್ ಇದ್ದೋರು ಗನ್ ತಂದು ಸ್ಟೇಷನ್ನಿನ್ಯಾಗ ಡಿಪಾಸಿಟ್ ಮಾಡ್ರಿ ಅಂತ ಬ್ಯಾಡಗಿಯ ನಮ್ಮ ಕಾಕಾಗೂ ನೋಟಿಸ್ ಬಂದಿತ್ತು. ಕಾಕಾಂದು ಮೆಣಸಿನಕಾಯಿ ವ್ಯಾಪಾರ, ಒಂದ್ ಕಾಲಕ್ಕ ರಾತ್ರಿ ರೊಕ್ಕ ಹಿಡ್ಕೊಂಡು ಹುಬ್ಬಳ್ಳಿ-ಬ್ಯಾಡಗಿ ಅಡ್ಡಾಡತಿದ್ರು, ಅದಕ್ಕಂತನ .32 ರಿವಾಲ್ವರ್ ತಗೊಂಡಿದ್ರು. ಅಂಗಿ ಒಳಗ ಸೊಂಟಕ್ಕ ಇರತಿತ್ತು, ಇಷ್ಟ್ ವರ್ಷದಾಗ ಪ್ಯಾಟ್ಯಾಗ ಒಬ್ರೂ ಅದನ್ನ ಕಂಡಿಲ್ಲ. ಆ ವಾರ ಅವರ ಮೊಣಕಾಲ ಆಪರೇಷನ್ ಆಗಿತ್ತು. "ನೀನ ಒಯ್ದು ಕೊಟ್ಟ ಬಾರಪಾ, ಲೈಸನ್ಸ್ ಬುಕ್ಕೂ ತಗೊಂಡ್ ಹೋಗು" ಅಂದ್ರು.

ನಾನೂ ಹಿಂದ್ ಮುಂದ್ ನೋಡದ ಲ್ಯಾಪ್‌ಟಾಪ್ ಬ್ಯಾಗಿಗೆ ಹಾಕ್ಕೊಂಡು ಬೈಕ್ ಹತ್ತಿದೆ. ದಾರ್ಯಾಗ ಎಲೆಕ್ಷನ್ ಚೆಕ್‌ಪೋಸ್ಟ್, ಕಾರಿನ ಡಿಕ್ಕಿ ತೆಗಿಸಿ ನೋಡಾಕತ್ತಿದ್ರು, ನನಗ ಹೋಗು ಅಂತ ಕೈ ಮಾಡಿದ್ರು.

ಸ್ಟೇಷನ್ನಿನ್ಯಾಗ ಬರಿಯೂ ಕೆಲಸ ನೋಡೂ ಪೊಲೀಸ್, ರೈಟರ್, ಲೈಸನ್ಸ್ ಬುಕ್ ತೆಗದು ಫೋಟೋ ನೋಡಿದ್ರು, ನನ್ನ ಮುಖ ನೋಡಿದ್ರು, ಮತ್ತ ಫೋಟೋ ನೋಡಿದ್ರು. "ಇವರೆಲ್ಲಿ?" ಮನ್ಯಾಗ ಅದಾರ್ರಿ ಅಂದೆ. ಪೆನ್ ಕೆಳಗ ಇಟ್ರು. "ಲೈಸನ್ಸ್ ಮನಿಗೆ ಕೊಡೂದಿಲ್ಲ ತಮ್ಮಾ, ಮನಶ್ಯಾಗ ಕೊಡ್ತಾರ. ರಿಪೇರಿ, ರಿನೀವಲ್ ಅಂದ್ರೂ ಮಾಲಕ ಜೋಡಿ ಇರಬೇಕು, ಇಲ್ಲಾ ಅವರ ಬರದ ಕೊಟ್ಟ ಚೀಟಿ ಇರಬೇಕು. ಚೆಕ್‌ಪೋಸ್ಟಿನ್ಯಾಗ ಸಿಕ್ಕಿದ್ರ ಆರ್ಮ್ಸ್ ಆಕ್ಟ್ ಸೆಕ್ಷನ್ 25, ಕಮ್ಮಿ ಅಂದ್ರ 2 ವರ್ಷ, 5 ವರ್ಷದ ತನಕ ಜೈಲು." ಕೊಟ್ಟ ಕಳಿಸಿದ ಕಾಕಾಗೂ ತಪ್ಪತಿರಲಿಲ್ಲಂತ. ನನ್ನ ಕೈ ತಣ್ಣಗಾದ್ವು.

ಕಾಕಾನ್ನ ಆಟೋದಾಗ ಕರ್ಕೊಂಡ್ ಬಂದ್ವಿ. ವಾಕರ್ ಬದಿಗಿಟ್ಟು ಬೆಂಚಿನ ಮ್ಯಾಲೆ ಕುಂತ್ರು, ನಳಿಗಿ ಗ್ವಾಡಿ ಕಡೆ ಮಾಡಿ ಸಿಲಿಂಡರ್ ತೆಗದು ತೋರಿಸಿದ್ರು, ಆರೂ ತೂತು ಖಾಲಿ. ಅದು ಖಾಲಿ ಐತೋ ತುಂಬೇತೋ ನಾ ಕೇಳಿರಲೇ ಇಲ್ಲ, ಬೈಕಿನ ಮ್ಯಾಲೆ ರಸ್ತೆದ ತಗ್ಗಿನ್ಯಾಗ ಬೀಳ್ಕೋತ ಬಂದಿದ್ದೆ, ಇವತ್ತಿಗೂ ಅದನ್ನ ನೆನಸಿದ್ರ ಎದಿ ಝಲ್ ಅಂತೈತಿ. ಹೋಲ್ಸ್ಟರಿನ ಚರ್ಮ ಬೆವರಿಗೆ ಕರ್ರಗಾಗಿ ಅವರ ಸೊಂಟದ ಆಕಾರಕ್ಕ ಬಾಗಿತ್ತು. ರೈಟರ್ ಮೊಬೈಲ್ ಟಾರ್ಚ್ ಹಿಡದು ನಂಬರ್ ಓದಿದ್ರು, ಬ್ಯಾರೆ ಇದ್ದ ಗುಂಡು ಒಂದೊಂದಾಗಿ ಎಣಿಸಿ ಬುಕ್ಕಿಗೆ ತಾಳೆ ನೋಡಿ ರಸೀದಿ ಕೊಟ್ರು.

ಮನಿಗೆ ಬಂದು ನಾ ಕಾಕಾನ ಜೋಡಿ ಸ್ವಲ್ಪ ಜೋರಾಗೇ ಮಾತಾಡಿದೆ. ಅದನ್ನ ಇಡೂದು ಕಾಕುನ ಸೀರಿ ಕಪಾಟಿನ್ಯಾಗ, ಕೀಲಿ ಮೊಳಿಗೆ ತೂಗ್ಹಾಕಿರತೈತಿ, ಸೂಟಿಗೆ ಮೊಮ್ಮಕ್ಕಳು ಬರ್ತಾವ! ಮುಂದ ಮಗನಿಗೆ ಬರತೈತಿ ಅಂತ ಬ್ಯಾರೆ ತಿಳ್ಕೊಂಡಿದ್ರು, ಹೊಲದ ಗತೆ. ಹಂಗ ಬರೂದಿಲ್ಲ, ಲೈಸನ್ಸ್ ಇದ್ದೋರು ತೀರಿಕೊಂಡ್ರ ಮನಿಯವರು ತಡಾ ಮಾಡದ ಅದನ್ನ ಸ್ಟೇಷನ್ನಿಗರ ಲೈಸನ್ಸ್ ಇದ್ದ ಡೀಲರ್ ಹತ್ರರ ಇಡಬೇಕು, ಮಗಾ ತನ್ನ ಹೆಸರಿಲೆ ಬ್ಯಾರೆ ಅರ್ಜಿ ಹಾಕಬೇಕು. ಕಾಕಾ ಬಾಳ ಹೊತ್ತು ಸುಮ್ಮನ ಕುಂತ್ರು, ಆಮ್ಯಾಲೆ "ಗ್ವಾಡ್ಯಾಗ ಕೂಡೂ ಲಾಕರ್ ಎಷ್ಟಕ್ಕ ಬರತೈತಿ, ಹುಬ್ಬಳ್ಳ್ಯಾಗ ವಿಚಾರಸು" ಅಂದ್ರು.

ಮೇ 13ಕ್ಕ ರಿಸಲ್ಟ್ ಆತು. ವಾಪಸ್ ತರೂ ದಿನ ನಾ ಕಾರ್ ಹೊಡದೆ. ಬ್ಯಾಗ್ ಕಾಕಾನ ತೊಡಿ ಮ್ಯಾಲಿತ್ತು, ಲೈಸನ್ಸ್ ಬುಕ್ ಅವರ ಅಂಗಿ ಕಿಸೆದಾಗ.