ಹೀರೇಬಳ್ಳಿಯ ಮದುವೆ

ಇಂದು ಸಂಜೆ ಆರಕ್ಕೆ ಮಾಳಿಗೆ ಹತ್ತಿದೆ. ನೀರು ಹಾಕಲು ಅಲ್ಲ, ಹೀರೇಬಳ್ಳಿಗೆ ಮದುವೆ ಮಾಡಿಸಲು.

ಹದಿನೈದು ದಿನಗಳಿಂದ ಬರೀ ಗಂಡು ಹೂವು. ಸಂಜೆ ಅರಳುತ್ತವೆ, ಮರುದಿನ ಉದುರುತ್ತವೆ. ಗೊಬ್ಬರ ಸಾಲದೇನೋ ಎಂದು ಎರಡು ಬೊಗಸೆ ಹೆಚ್ಚಿಗೆ ಸುರಿದೆ. ಎಲೆಗಳು ಆನೆಯ ಕಿವಿಯಂತಾದವು, ಕಾಯಿಯ ಸುಳಿವಿಲ್ಲ. ತಪ್ಪು ಬಿಸಿಲಿನದು. ಸೆಖೆ ಏರಿದರೆ ಈ ಬಳ್ಳಿಯಲ್ಲಿ ಗಂಡು ಹೂವುಗಳೇ ಹೆಚ್ಚುತ್ತವೆ. ವಿಜಯಪುರದಲ್ಲಿ ಯುಗಾದಿಗೆ ಮೊದಲೇ ಮೊಬೈಲ್ 39 ಡಿಗ್ರಿ ತೋರಿಸುತ್ತಿದೆ!

ನಿನ್ನೆ ಒಂದು ಮೊಗ್ಗಿನ ಹಿಂದೆ ಪುಟ್ಟ ಹೀರೇಕಾಯಿ ಕಂಡಿತು. ಗೆರೆಗಳ ಸಮೇತ. ಹೆಣ್ಣು!

ಬೆಳಿಗ್ಗೆಯೇ ಹೊರಟಿದ್ದೆ. ಪಕ್ಕದ ಮನೆಯ ಕಾಕು ತಡೆದರು: "ಕುಂಬಳಕ್ಕೆ ಬೆಳಿಗ್ಗೆ, ಹೀರೆಗೆ ಸಂಜೆ. ಅರಳುವ ಮೊದಲೇ ಮುಟ್ಟಿದರೆ ಏನು ಬಂತು ತಂಗಿ?"

ಗಂಡು ಹೂವಿನ ಎಸಳು ಬಿಡಿಸಿ, ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದೆ. ಕೈ ನಡುಗಿತು, ಸುಳ್ಳಲ್ಲ. ಜೇನ್ನೊಣ ಗಳಿಗೆಯಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಕನ್ನಡಕ ಬೇಕು, ಹತ್ತು ನಿಮಿಷ ಬೇಕು. ಅವೆಲ್ಲ ಓಣಿಯ ಬೇವಿನ ಹೂವಿಗೆ ಹೋಗಿವೆ, ಹೀರೆಯ ಕಡೆ ಯಾರಿಗೂ ಗಮನವಿಲ್ಲ. ಕೆಳಗಿನಿಂದ "ನಳ ಬಂತು" ಎಂದು ಕೂಗಿದರು. ನೀರು ತಪ್ಪಿದರೆ ಮತ್ತೆ ಎಂದೋ! ಆದರೂ ಇಳಿಯಲಿಲ್ಲ.

ಮೂರ್ನಾಲ್ಕು ದಿನ ನೋಡಬೇಕು. ಹಳದಿಯಾಗಿ ಮುದುಡಿದರೆ ಹೋಯಿತು, ಹಸಿರಾಗಿ ಹಿಗ್ಗಿದರೆ ನಿಂತಿತು. ಅವ್ವ ಮಾತ್ರ ಈಗಲೇ ಕೇಳುತ್ತಿದ್ದಾಳೆ, ಸಿಪ್ಪೆಯ ಚಟ್ನಿಗೆ ಎಳ್ಳು ಹುರಿದಿಡಲೇ ಎಂದು.