100ರಲ್ಲಿ 83

ಗೃಹಸಾಲಕ್ಕೆ ಮೊದಲು ಸಿಕ್ಕ ಬ್ರೋಕರ್ ಎಲ್ಲವನ್ನೂ ಫೋನಿನಲ್ಲೇ ಮುಗಿಸಿಕೊಡುತ್ತೇನೆ ಅಂದಿದ್ದರು. ನಂಬಿ ಸಹಿ ಹಾಕಿದೆವು. ನಮ್ಮನ್ನು ಒಂದು ಮಾತೂ ಕೇಳದೆ ಒಂದೇ ವಾರದಲ್ಲಿ ಐದು ಕಡೆ ಅರ್ಜಿ ಹಾಕಿಬಿಟ್ಟರು. ಸಾಲ ಕೊಡುವವರು ಪ್ರತಿ ಸಲ ನಮ್ಮ ಸಾಲಗಳ ಲೆಕ್ಕವಿರುವ ಕ್ರೆಡಿಟ್ ರಿಪೋರ್ಟ್ ತೆಗೆದು ನೋಡಿದ್ದೂ ಅದೇ ರಿಪೋರ್ಟಿನಲ್ಲಿ ದಾಖಲಾಗುತ್ತದೆ. ಹಾಗಾಗಿ, ಸಾಲ ಕೊಡುವ ಮುಂಚೆ ಅವರು ನೋಡುವ ನಮ್ಮ ಕ್ರೆಡಿಟ್ ಸ್ಕೋರ್ ಇಳಿಯಿತು. ತುಂಬಾ ಬೇಜಾರಾಯಿತು.

ಎರಡನೆಯವರ ಬಗ್ಗೆ ಹೇಳಿದ್ದು ಹೋದ ವರ್ಷ ಮನೆ ಕೊಂಡ ಸಹೋದ್ಯೋಗಿ. ಹತ್ತಿರದಲ್ಲೇ ಅವರ ಆಫೀಸು. ಈ ಸಲ ಕೂತ ತಕ್ಷಣ ಕೇಳಿದೆ: "ಮೇಡಂ, ನಿಮಗೆ ದುಡ್ಡು ಯಾರು ಕೊಡೋದು?"

"ಸಾಲ ಕೊಡೋರೇ ಕಮಿಷನ್ ಕೊಡ್ತಾರೆ. ನೀವು ಜಾಸ್ತಿ ಸಾಲ ತಗೊಂಡ್ರೆ ನನಗೂ ಜಾಸ್ತಿ ಬರುತ್ತೆ. ಇದು ನಿಮಗೆ ಮೊದಲೇ ಗೊತ್ತಿರಲಿ" ಅಂದರು. ಆ ಮಾತಿಗೇ ನನಗೆ ಅವರ ಮೇಲೆ ಅರ್ಧ ನಂಬಿಕೆ ಬಂತು.

ಕಂತು ಕಮ್ಮಿಯಾಗಲಿ ಅಂತ ನಾವು 30 ವರ್ಷದ ಸಾಲ ಕೇಳಿದೆವು. ಅವರು ಬೇಡ ಅನ್ನಲಿಲ್ಲ. ಒಂದು ಹಾಳೆ ಎಳೆದುಕೊಂಡು ನಡುವೆ ಗೆರೆ ಹಾಕಿದರು. ಒಂದು ಕಡೆ 20 ವರ್ಷ, ಇನ್ನೊಂದು ಕಡೆ 30, ಬಡ್ಡಿ ಎರಡಕ್ಕೂ 9%. ಕ್ಯಾಲ್ಕುಲೇಟರ್ ನಮ್ಮ ಕಡೆಗೆ ತಿರುಗಿಸಿ, ಪ್ರತಿ ಅಂಕಿಯನ್ನೂ ನಮ್ಮ ಕೈಯಲ್ಲೇ ಒತ್ತಿಸಿದರು. 30 ವರ್ಷಕ್ಕೆ ಹೋದರೆ ಕಂತು ಇಳಿಯುವುದು ಹತ್ತರಲ್ಲಿ ಒಂದು ಪಾಲಿನಷ್ಟು. ಆದರೆ ಒಟ್ಟು ಕಟ್ಟುವ ಹಣ? 20 ವರ್ಷದಲ್ಲಿ ಅಸಲಿನ ಸುಮಾರು 2.16 ಪಟ್ಟು, 30 ವರ್ಷದಲ್ಲಿ 2.9 ಪಟ್ಟು!

ಆಮೇಲೆ 20 ವರ್ಷದ ಕಡೆ 83 ಅಂತ ಬರೆದು ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. ಮೊದಲ ಕಂತಿನ ಪ್ರತಿ 100ರಲ್ಲಿ 83 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬರೀ 17. ಅಸಲಿನ ಪಾಲು ಬಡ್ಡಿಯನ್ನು ದಾಟುವುದು 13ನೇ ವರ್ಷದಲ್ಲಿ. "ಅದಕ್ಕೇ, ಕೈಯಲ್ಲಿ ಸ್ವಲ್ಪ ದುಡ್ಡು ಉಳಿದ್ರೆ ಶುರುವಿನ ವರ್ಷಗಳಲ್ಲೇ ಅಸಲಿಗೆ ಕಟ್ಟಿ. ಮುಂಚೆ ಕಟ್ಟಿದ್ರೆ ದಂಡ ಇದೆಯಾ ಅಂತ ನಾನು ಬರವಣಿಗೆಯಲ್ಲೇ ಕೇಳಿ ತರಿಸ್ತೀನಿ" ಅಂದರು. ನಾವು ಇಬ್ಬರೂ ಸುಮ್ನೆ ಆ ಹಾಳೆಯನ್ನೇ ನೋಡುತ್ತಾ ಕೂತೆವು. ಇಷ್ಟು ದೊಡ್ಡ ಸಾಲಕ್ಕೆ ಕೈ ಹಾಕುವಾಗ ಇದನ್ನು ಯಾರಾದರೂ ಮೊದಲೇ ಕೂರಿಸಿಕೊಂಡು ಹೇಳಬೇಕು ಅಲ್ವಾ? 20 ವರ್ಷ ಅಂತ ಅಲ್ಲೇ ತೀರ್ಮಾನ ಮಾಡಿದೆವು.

ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆಯ ಕಾಗದಪತ್ರ ಎಲ್ಲ ಕೊಟ್ಟದ್ದಾಯಿತು. ಅರ್ಜಿ ಹೋದದ್ದು ಒಂದೇ ಕಡೆಗೆ, ಅದೂ ನಮ್ಮನ್ನು ಕೇಳಿ.

ಮಂಜೂರಾತಿ ಪತ್ರ ಬಂದ ದಿನ ಸಹಿ ಹಾಕಲು ಪೆನ್ನು ತೆಗೆದಿದ್ದೆ. ಅವರು ತಡೆದು, ಸಾಲುಸಾಲಾಗಿ ಬೆರಳಿಟ್ಟು ಓದತೊಡಗಿದರು. ಮೂರನೇ ಪುಟದಲ್ಲಿ ಬೆರಳು ನಿಂತಿತು. ನಾವು ಕೇಳದೇ ಇದ್ದ ವಿಮೆಯೊಂದರ ಕಂತನ್ನು ಸಾಲಕ್ಕೇ ಸೇರಿಸಿದ್ದರು. ಇಪ್ಪತ್ತು ವರ್ಷ ಅದಕ್ಕೂ ಬಡ್ಡಿ ಕಟ್ಟಬೇಕಿತ್ತು. ನಮ್ಮೆದುರಿಗೇ ಫೋನ್ ಮಾಡಿ, "ಇದನ್ನ ತೆಗೀರಿ, ಹೊಸ ಪತ್ರ ಕಳ್ಸಿ" ಅಂದರು.

ಎರಡು ದಿನ ಬಿಟ್ಟು ಹೊಸ ಪತ್ರ ಬಂತು. ಮೊದಲು ಮೂರನೇ ಪುಟವನ್ನೇ ತೆಗೆದು ನೋಡಿದೆ. ಆ ಸಾಲು ಇರಲಿಲ್ಲ. ಆಮೇಲೆ ಸಹಿ ಹಾಕಿದೆವು.