ಮಾದರಿ ಹಡಗು ಅಷ್ಟು ದೊಡ್ಡದೇಕೆ?

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿರುವ ನಮ್ಮ ಮನೆಗೆ ಬರುವವರು, ಗ್ಯಾರೇಜಿನಲ್ಲಿ ಕಾರು ನಿಲ್ಲಬೇಕಾದ ಜಾಗವನ್ನು ಆಕ್ರಮಿಸಿಕೊಂಡಿರುವ ಮಾದರಿ ಯುದ್ಧನೌಕೆಯನ್ನು ಕಂಡ ಕೂಡಲೇ ಕೇಳುವ ಪ್ರಶ್ನೆ ಒಂದೇ: ರಿಮೋಟಿನಿಂದ ಓಡಿಸುವ ಹಡಗು ಇಷ್ಟು ದೊಡ್ಡದೇಕೆ, ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟಿದ್ದರೆ ಸಾಲದೇ? ಊರಿನಿಂದ ಫೋನ್ ಮಾಡುವ ಬಂಧುಗಳು ಇದಕ್ಕೆ ಇನ್ನೊಂದನ್ನು ಸೇರಿಸುತ್ತಾರೆ; ಕೆರೆಯಲ್ಲಿ ಓಡುವ ಈ ಹಡಗನ್ನು ಸಮುದ್ರಕ್ಕೂ ಬಿಡಬಹುದೇ ಎಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಹಡಗನ್ನು ನಮಗೆ ಬೇಕಾದಷ್ಟು ಕುಗ್ಗಿಸಬಹುದು, ಆದರೆ ಅದು ತೇಲುವ ನೀರನ್ನು ಕುಗ್ಗಿಸಲಾಗುವುದಿಲ್ಲ.

ನನ್ನದು ಫ್ಲವರ್ ವರ್ಗದ ಕಾರ್ವೆಟ್. ಎರಡನೆಯ ಮಹಾಯುದ್ಧದಲ್ಲಿ ಅಟ್ಲಾಂಟಿಕ್ ದಾಟುವ ಸರಕು ಹಡಗುಗಳ ಕಾವಲಿಗೆ ನಿಂತ ಈ ಪುಟ್ಟ ಯುದ್ಧನೌಕೆಗಳಲ್ಲಿ ಕೆಲವು ಯುದ್ಧದ ಕೊನೆಗಾಲದಲ್ಲಿ ರಾಯಲ್ ಇಂಡಿಯನ್ ನೇವಿಗೆ ಬಂದು ಅಸ್ಸಾಂ, ಸಿಂಧ್, ಗೋಂಡ್ವಾನಾ ಎಂಬ ಹೆಸರುಗಳನ್ನು ಪಡೆದವು. ನಾನು ಈ ವರ್ಗವನ್ನು ಆರಿಸಿಕೊಳ್ಳಲು ಅದೂ ಒಂದು ಕಾರಣ. ಮೂಲ ಹಡಗಿನ ಉದ್ದ ಸುಮಾರು 62.5 ಮೀಟರ್, ತೂಕ ಸುಮಾರು 940 ಟನ್. ಅಂಗಡಿಯಲ್ಲಿ ಸಿಗುವ 1:72 ಪ್ರಮಾಣದ, ಎಂದರೆ ಮೂಲದ 72ರಲ್ಲಿ ಒಂದು ಪಾಲು ಉದ್ದದ ಪ್ಲಾಸ್ಟಿಕ್ ಕಿಟ್ ಕೊಂಡರೆ ಹಡಗು 87 ಸೆಂಟಿಮೀಟರ್ ಉದ್ದವಿರುತ್ತದೆ, ಸರಿಯಾದ ಮಟ್ಟದಲ್ಲಿ ತೇಲುವಾಗ ಎರಡೂವರೆ ಕಿಲೋ ತೂಗುತ್ತದೆ. ಅದನ್ನೇ ನನ್ನದರಂತೆ 1:24ರಲ್ಲಿ ಕಟ್ಟಿದರೆ ಉದ್ದ ಮೂರು ಪಟ್ಟಾಗಿ 2.6 ಮೀಟರ್ ಆಗುತ್ತದೆ. ಅಗಲವೂ ಎತ್ತರವೂ ಹಾಗೆಯೇ ಮೂರು ಪಟ್ಟಾಗುವುದರಿಂದ ತೂಕ ಮಾತ್ರ 27 ಪಟ್ಟಾಗಿ 68 ಕಿಲೋ ಮುಟ್ಟುತ್ತದೆ. ನೋಡುವವರ ಕಣ್ಣಿಗೆ ಬೀಳುವುದು ಉದ್ದ, ನೀರಿಗೆ ಗೊತ್ತಾಗುವುದು ತೂಕ.

ಹಡಗಿನ ಮಾದರಿಗಳ ನಡವಳಿಕೆಗೆ ಲೆಕ್ಕ ಹಾಕಿಕೊಟ್ಟವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1860ರ ದಶಕದಲ್ಲಿ ಅವರು ಇಲ್ಲಿಯದೇ ಡಾರ್ಟ್ ನದಿಯಲ್ಲಿ ಒಂದೇ ಆಕಾರದ ಮಾದರಿಗಳನ್ನು 3, 6 ಮತ್ತು 12 ಅಡಿಗಳಲ್ಲಿ ಮಾಡಿಸಿ, ನೀರಿನಲ್ಲಿ ಎಳೆಸಿ ನೋಡಿದರು. ಅವರ ನಿಯಮದ ಪ್ರಕಾರ ಮಾದರಿಯ ವೇಗವೂ ಅದರ ಚಲನೆಯ ಕಾಲವೂ ಪ್ರಮಾಣದ ವರ್ಗಮೂಲಕ್ಕೆ ತಕ್ಕಂತೆ ಇಳಿಯುತ್ತವೆ. ನಿಜವಾದ ಹಡಗು ಒಮ್ಮೆ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ನೆಟ್ಟಗಾಗಲು 10 ಸೆಕೆಂಡು ತೆಗೆದುಕೊಂಡರೆ, 1:72ರ ಮಾದರಿ ಅದನ್ನು 1.2 ಸೆಕೆಂಡಿನಲ್ಲಿ ಮುಗಿಸುತ್ತದೆ. ಅದು ವಾಲುವಿಕೆಯಲ್ಲ, ನಡುಕ. 1:24ರಲ್ಲಿ ಅದೇ ಚಲನೆಗೆ ಎರಡು ಸೆಕೆಂಡು ಸಿಗುತ್ತದೆ, ಕಣ್ಣು ಅದನ್ನು ಹಡಗೆಂದು ಒಪ್ಪಿಕೊಳ್ಳುತ್ತದೆ. ಫ್ರಾನ್ಸಿನ ಗ್ರೆನೋಬಲ್ ಸಮೀಪದ ಪೋರ್ ರೆವೆಲ್ ಎಂಬಲ್ಲಿ 1967ರಿಂದಲೂ ದೊಡ್ಡ ಹಡಗುಗಳ ಕ್ಯಾಪ್ಟನ್‌ಗಳೂ, ಅವುಗಳಿಗೆ ಬಂದರಿನ ದಾರಿ ತೋರಿಸುವ ಪೈಲಟ್‌ಗಳೂ 1:25ರ ಮಾದರಿಗಳೊಳಗೆ ಕುಳಿತು ಕೆರೆಯಲ್ಲಿ ತರಬೇತಿ ಪಡೆಯುತ್ತಾರೆ. ಅಲ್ಲಿಯೂ ಕಾಲ ಐದು ಪಟ್ಟು ಬೇಗ ಓಡುತ್ತದೆ. ಸಮುದ್ರದ ಒಂದು ಗಂಟೆಯ ಕೆಲಸ ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ.

ವೇಗದ ಲೆಕ್ಕವನ್ನು ಬಹಳ ಜನ ಪಾಲಿಸುವುದಿಲ್ಲ. ಕಾರ್ವೆಟ್ಟಿನ 16 ನಾಟ್ (ಗಂಟೆಗೆ ಸುಮಾರು 30 ಕಿಲೋಮೀಟರ್) ವೇಗ 1:24ರಲ್ಲಿ ಗಂಟೆಗೆ ಸುಮಾರು 6 ಕಿಲೋಮೀಟರ್, ಎಂದರೆ ಬಿರುಸಾಗಿ ನಡೆಯುವವರ ವೇಗ. ಅದಕ್ಕಿಂತ ಹೆಚ್ಚು ಶಕ್ತಿಯ ಮೋಟಾರು ಕೂರಿಸಿ, ಮೂತಿ ಮೇಲೆತ್ತಿಕೊಂಡು ಓಡುವ ಯುದ್ಧನೌಕೆಯನ್ನು ನೋಡಿದರೆ ನನಗೆ ಕಸಿವಿಸಿಯಾಗುತ್ತದೆ. ಇನ್ನು ಮುಂಭಾಗದಲ್ಲಿ ಸಿಡಿಯುವ ಹನಿಗಳನ್ನಂತೂ ಯಾರೂ ಚಿಕ್ಕದು ಮಾಡಲಾರರು. ಅರ್ಧ ಸೆಂಟಿಮೀಟರಿನ ಹನಿ ಚಿಕ್ಕ ಮಾದರಿಯ ಪಾಲಿಗೆ 36 ಸೆಂಟಿಮೀಟರಿನ ನೀರಿನ ಉಂಡೆ. ದೊಡ್ಡದರಲ್ಲಿ ಅದು 12 ಸೆಂಟಿಮೀಟರಿಗೆ ಇಳಿಯುತ್ತದೆ. ಹಳೆಯ ಕಾಲದ ಸಿನಿಮಾ ತಯಾರಕರು ಸಮುದ್ರಯುದ್ಧದ ದೃಶ್ಯಗಳಿಗೆ ಬಹಳ ದೊಡ್ಡ ಮಾದರಿಗಳನ್ನೇ ಕಟ್ಟಿಸಿ, ವೇಗವಾಗಿ ಚಿತ್ರೀಕರಿಸಿ ನಿಧಾನವಾಗಿ ತೋರಿಸುತ್ತಿದ್ದುದು ಇದೇ ಕಾರಣಕ್ಕೆ.

ದೊಡ್ಡ ಮಾದರಿಗೆ ತೆರಬೇಕಾದ ಬೆಲೆ ಅದರ ಭಾರ. ಫೈಬರ್‌ಗ್ಲಾಸಿನ ಒಡಲು, ಮೇಲಿನ ಕಟ್ಟಣೆ, ಮೋಟಾರು ಎಲ್ಲ ಸೇರಿದರೂ ನನ್ನ ಹಡಗು ಬೇಕಾದ ತೂಕದ ಅರ್ಧವನ್ನೂ ಮುಟ್ಟುವುದಿಲ್ಲ. ಉಳಿದುದನ್ನು ತಳದಲ್ಲಿ ಸೀಸವಾಗಿ ಮತ್ತು ಬ್ಯಾಟರಿಯಾಗಿ ತುಂಬಬೇಕು. ಹಗುರವಾದ ಲಿಥಿಯಂ ಬ್ಯಾಟರಿ ಏಕಿಲ್ಲ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೆ: ಹೇಗೂ ತೂಕ ತುಂಬಲೇಬೇಕಾದಲ್ಲಿ, ಎರಡು ಕಿಲೋಗೂ ಮಿಕ್ಕಿ ತೂಗುವ 12 ವೋಲ್ಟಿನ ಲೆಡ್ ಆಸಿಡ್ ಬ್ಯಾಟರಿ ಎರಡು ಕೆಲಸವನ್ನು ಒಟ್ಟಿಗೆ ಮಾಡುತ್ತದೆ. ಬರಿಯ ಒಡಲನ್ನು ಇಬ್ಬರು ಚಕ್ರದ ಗಾಡಿಯ ಮೇಲೆ ದಡಕ್ಕೆ ತಂದು ತೇಲಿಸಿ, ಆಮೇಲೆ ಭಾರವನ್ನು ಒಂದೊಂದಾಗಿ, ಎರಡೂ ಬದಿಗೆ ಸಮನಾಗಿ ಒಡಲೊಳಗೆ ಇಳಿಸುತ್ತೇವೆ. ಒಬ್ಬನೇ ಹೋಗಿ ಆಡಿಬರುವ ಹವ್ಯಾಸ ಇದಲ್ಲ.

ಈಗ ಸಮುದ್ರ. ಗಾಳಿಯಿಲ್ಲದ ದಿನವೂ ಬಂದರಿನ ಬಾಯಲ್ಲಿ 20 ಸೆಂಟಿಮೀಟರಿನ ಅಲೆ ಸಾಮಾನ್ಯ. ಚಿಕ್ಕ ಮಾದರಿಗೆ ಅದು 14 ಮೀಟರಿನ ಅಲೆಗೆ ಸಮ, ಬೆಂಡಿನಂತೆ ಎಗರಿಬೀಳುತ್ತದೆ. ದೊಡ್ಡದಕ್ಕೆ ಅದು ಐದು ಮೀಟರಿಗೆ ತುಸು ಕಡಿಮೆ. ಕಾರ್ವೆಟ್ ಒದ್ದೆ ಹುಲ್ಲಿನ ಮೇಲೂ ವಾಲಾಡುತ್ತದೆ ಎಂದು ಅಂದಿನ ನಾವಿಕರು ಹಾಸ್ಯ ಮಾಡುತ್ತಿದ್ದರು. ಅಂಥ ಅಲೆಯಲ್ಲಿ ನನ್ನದು ವಾಲಾಡುತ್ತದೆ, ಮುಳುಗುವುದಿಲ್ಲ. ಉಪ್ಪುನೀರು ಸಿಹಿನೀರಿಗಿಂತ ನೂರಕ್ಕೆ ಎರಡೂವರೆಯಷ್ಟು ಸಾಂದ್ರವಾದ್ದರಿಂದ, ಕೆರೆಯಲ್ಲಿ ಸರಿಯಾಗಿ ತೇಲುತ್ತಿದ್ದ ಹಡಗು ಇಲ್ಲಿ ಸ್ವಲ್ಪ ಮೇಲೆದ್ದು ನಿಲ್ಲುತ್ತದೆ, 1.7 ಕಿಲೋ ಸೀಸ ಹೆಚ್ಚು ಹಾಕಬೇಕಾಗುತ್ತದೆ. ಪ್ರೊಪೆಲರನ್ನು ತಿರುಗಿಸುವ ಶಾಫ್ಟಿನ ಕೊಳವೆಗೆ ಗ್ರೀಸ್ ತುಂಬಿರಬೇಕು, ಮನೆಗೆ ಬಂದ ಮೇಲೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು. ಇವೆಲ್ಲ ಬೇಸರದ ಕೆಲಸಗಳೇ ಹೊರತು ಕಷ್ಟದವಲ್ಲ.

ನಿಜವಾದ ಅಪಾಯ ಸಂಪರ್ಕ ತಪ್ಪುವುದರಲ್ಲಿದೆ. ಇಂದಿನ ರಿಮೋಟುಗಳು ಬಳಸುವ 2.4 ಗಿಗಾಹರ್ಟ್ಸ್ ಅಲೆಗಳನ್ನು ನೀರು ಹೀರಿಕೊಳ್ಳುತ್ತದೆ. ಆದ್ದರಿಂದ ರಿಸೀವರಿನ ಆಂಟೆನಾವನ್ನು ಒಡಲೊಳಗೆ ಅಡಗಿಸದೆ ಹಡಗಿನ ಕಂಬದ ಮೇಲಕ್ಕೆ ಒಯ್ಯಬೇಕು. ಸಿಗ್ನಲ್ ತಪ್ಪಿದ ಕ್ಷಣ ಮೋಟಾರು ತಾನಾಗಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿರುತ್ತೇವೆ. ನಿಲ್ಲಿಸುವ ಬದಲು ಚುಕ್ಕಾಣಿ ತಿರುಗಿಸಿ ನಿಧಾನವಾಗಿ ಸುತ್ತುತ್ತಿರುವಂತೆ ಮಾಡಬಹುದಲ್ಲ ಎನ್ನುವವರಿದ್ದಾರೆ. ಈಜುವವರು ಇರಬಹುದಾದ ನೀರಿನಲ್ಲಿ ಹಿಡಿತವಿಲ್ಲದ ಪ್ರೊಪೆಲರ್ ತಿರುಗುವುದನ್ನು ನಾನು ಒಪ್ಪುವುದಿಲ್ಲ. ಆದರೆ ಕೆರೆಯಲ್ಲಿ ನಿಂತ ಹಡಗನ್ನು ಗಾಳಿ ಯಾವುದೋ ಒಂದು ದಡಕ್ಕೆ ತಂದೇ ತರುತ್ತದೆ, ಸಮುದ್ರದಲ್ಲಿ ಆ ಭರವಸೆಯಿಲ್ಲ. ಅದಕ್ಕೇ ಗಾಳಿ ನೆಲದ ಕಡೆಗೆ ಬೀಸುತ್ತಿದ್ದು, ಉಬ್ಬರ ಏರುತ್ತಿರುವಾಗ, ಬಂದರು ಅಧಿಕಾರಿಯ ಒಪ್ಪಿಗೆ ಪಡೆದು, ಜೊತೆಗೊಬ್ಬರು ಕಯಾಕ್ ಹಿಡಿದು ಸಿದ್ಧರಿದ್ದರೆ ಮಾತ್ರ ನಾವು ಹಡಗು ಇಳಿಸುತ್ತೇವೆ. ದೂರವನ್ನು ನಿರ್ಧರಿಸುವುದು ರೇಡಿಯೋ ಅಲ್ಲ, ಕಣ್ಣು. ಹಡಗು ನಮ್ಮತ್ತ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದಷ್ಟು ದೂರ ಹೋದರೆ ಸಿಗ್ನಲ್ ಇದ್ದೂ ಪ್ರಯೋಜನವಿಲ್ಲ.

ಊರಿನಲ್ಲಿ ಇದನ್ನು ಮಾಡಬಹುದೇ ಎಂದು ಕೇಳುವ ಕರಾವಳಿಯವರಿಗೆ, ತೆರೆ ಒಡೆಯುವ ಮರಳದಡದಿಂದ ಇಳಿಸಬೇಡಿ, ಅಳಿವೆಯ ಒಳಗಿನ ಶಾಂತ ಹಿನ್ನೀರನ್ನು ಹುಡುಕಿ ಎನ್ನುತ್ತೇನೆ. ಬೆಂಗಳೂರಿನವರು ಮೊದಲು ನೋಡಬೇಕಾದುದು ಕೆರೆಯಲ್ಲಿ ಜೊಂಡು, ಅಂತರಗಂಗೆ ಎಷ್ಟಿದೆ ಎಂಬುದನ್ನು. ಪ್ರೊಪೆಲರಿಗೆ ಬೇರು ಸುತ್ತಿಕೊಂಡರೆ 68 ಕಿಲೋ ಹಡಗನ್ನು ಕೆರೆಯ ನಡುವಿನಿಂದ ಎಳೆದು ತರುವುದು ಸುಲಭವಲ್ಲ. ಮೊದಲ ಹಡಗಿಗೆ 1:48 ಸಾಕು: 1.3 ಮೀಟರ್ ಉದ್ದ, ಎಂಟೂವರೆ ಕಿಲೋ ತೂಕ, ಕಾರಿನ ಹಿಂದಿನ ಸೀಟಿನಲ್ಲಿ ಅಡ್ಡ ಮಲಗಿಸಬಹುದು, ಒಬ್ಬರೇ ನೀರಿಗೆ ಇಳಿಸಬಹುದು.